ನಮ್ಮವರ ‘ಹೂಂ’

ಬೇಸಗೆಯಲ್ಲಿ ನಲ್ಲಿಯ ಮುಂದೆ ಬಿಂದಿಗೆಯಿಟ್ಟುಕೊಂಡು ಸಾಲಿನಲ್ಲಿ ನಿಂತೇ ಅರ್ಧ ಆಯುಷ್ಯ ಕಳೆದ ಚಳ್ಳಕೆರೆಯ ಹೆಂಗಸೊಬ್ಬಳು ಏಳು ದಿನ ನೀರಿನ ಮೇಲೆಯೇ ಇದ್ದು ಬಂದಳೆಂದರೆ ನಗದಿರುವವರು ಯಾರು? ನಮ್ಮ ಓರಗಿತ್ತಿಯಂತೂ ನಕ್ಕೇ ನಕ್ಕಳು. “ಅಕ್ಕಾ, ಹೋಗುವುದು ಹೋಗುತ್ತೀಯ, ಬರುವಾಗ ಎರಡು ಕೊಡ ತುಂಬಿಕೊಂಡು ಬಾ” ಎಂದಳು. ಅದು ಉಪ್ಪುನೀರಲ್ಲವೇ ಎಂದು ನಾನೆಂದರೆ, “ನಮ್ಮ ಬೋರ್‌ವೆಲ್ಲಿನದೇನು ಎಳನೀರೇ?” ಎಂದಳು.

ನಡೆದದ್ದು ಹೀಗೆ. ಅಮೆರಿಕದ ಸಿಯಾಟಲ್ ನಗರದಲ್ಲಿರುವ ನಮ್ಮ ಮಗಳು 2023ರ ಮೇ ತಿಂಗಳಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡಿದ್ದಳು. ನಮ್ಮ ಮದುವೆಯಾಗಿ ಆ ತಿಂಗಳಿಗೆ 44 ವರ್ಷ ತುಂಬುತ್ತಿತ್ತು. ಉಡುಗೊರೆಯೆಂದು ಅಲಾಸ್ಕದ ಕರಾವಳಿಗೆ ಹೋಗಿಬರುವ ವಿಹಾರದ ಹಡಗಿಗೆ ಎರಡು ಟಿಕೆಟ್ ತೆಗೆಸಿ ನಮ್ಮ ಕೈಗಿತ್ತಳು. ಮೂರಲ್ಲ, ನಾಲ್ಕಲ್ಲ, ಎರಡೇ. “ನಮಗೆ ರಜೆಯಿಲ್ಲಮ್ಮ. ನೀವಿಬ್ಬರೇ ಹಾಯಾಗಿ ಹೋಗಿಬನ್ನಿ” ಎಂದಳು. ನನ್ನ ಎದೆ ಧಸಕ್ಕೆಂದಿತು. ಸಮುದ್ರದ ಭಯದಿಂದಲ್ಲ. ಏಳು ದಿನ ನೆರೆಹೊರೆಯಿಲ್ಲ, ನೆಂಟರಿಷ್ಟರಿಲ್ಲ. ಮಾತನಾಡದ ಗಂಡನೊಡನೆ ನಾನೊಬ್ಬಳೇ!

ಮಾತನಾಡದವರೆಂದರೆ ಮೂಗರೆಂದು ವಾಚಕರು ಎಣಿಸಬಾರದು. ನಮ್ಮವರು ಪ್ರೌಢಶಾಲೆಯಲ್ಲಿ ಚರಿತ್ರೆಯ ಉಪಾಧ್ಯಾಯರಾಗಿದ್ದು 2013ರಲ್ಲಿ ನಿವೃತ್ತರಾದವರು. ಅಶೋಕನ ವಿಷಯವನ್ನೆತ್ತಿದರೆ ಗಂಟೆಗಟ್ಟಲೆ ಮಾತನಾಡಬಲ್ಲರು. ಅದೂ ಬೀದಿಯ ಆಚೆ ಕೊನೆಗೆ ಕೇಳಿಸುವಷ್ಟು ಎತ್ತರದ ದನಿಯಲ್ಲಿ. ಮಾತಿಲ್ಲದಿರುವುದು ನನ್ನೊಡನೆ ಮಾತ್ರ. ನಾನೇನೆಂದರೂ ಉತ್ತರ ಒಂದೇ: “ಹೂಂ.” ಅಡಿಗೆಯ ಗ್ಯಾಸು ಮುಗಿಯಿತೆಂದರೆ ಹೂಂ. ಮೊಮ್ಮಗುವಿಗೆ ಜ್ವರವಂತೆ ಎಂದರೂ ಹೂಂ. ಒಮ್ಮೆ ಸಿಟ್ಟು ತಡೆಯಲಾರದೆ, “ನಾನು ಸನ್ಯಾಸ ತೆಗೆದುಕೊಂಡು ಹೊರಟುಹೋಗುತ್ತೇನೆ” ಎಂದೆ. “ಹೂಂ, ಬರುವಾಗ ಎಲೆ ಅಡಿಕೆ ತಾ” ಎಂದರು. ಈ ಕಥೆಯನ್ನು ನೆರೆಯ ಹೆಂಗಸರಿಗೆ ಹೇಳಿ ನಗಿಸಿದ್ದೂ ಉಂಟು.

ನಗಲಾಗದ ಸಂಗತಿಯೂ ಒಂದಿತ್ತು. 2020ರಲ್ಲಿ ನನ್ನ ಅಣ್ಣ ತೀರಿಕೊಂಡ. ತಂದೆತಾಯಿ ಹೋದಮೇಲೆ ತವರೆಂದು ನನಗಿದ್ದವನು ಅವನೊಬ್ಬನೇ. ಕರ್ಮಾಂತರ ಮುಗಿಸಿಕೊಂಡು ಬಂದ ರಾತ್ರಿ, ದೀಪವಾರಿಸಿ ಮಲಗಿದ ಮೇಲೆ, ಕತ್ತಲಲ್ಲಿ ನಾನು ಇವರಿಗೆ, “ಇನ್ನು ನನಗೆ ಹೋಗುವುದಕ್ಕೊಂದು ಮನೆಯಿಲ್ಲ” ಎಂದೆ. ಬಹಳ ಹೊತ್ತು ಕಾದೆ. ಆ ರಾತ್ರಿ ‘ಹೂಂ’ ಎಂಬುದೂ ಬರಲಿಲ್ಲ. ನಾನು ಗೋಡೆಯ ಕಡೆಗೆ ಹೊರಳಿ ಮಲಗಿದೆ. ಮುಂದೆ ಮೂರು ವರ್ಷ ಆ ಮಾತನ್ನು ಅವರೊಡನೆ ಎತ್ತಲಿಲ್ಲ. ಆದರೆ ಅನ್ನ ಬಡಿಸುವಾಗ, ಬಟ್ಟೆ ಮಡಿಸುವಾಗ, ಅಂಗಾಲಿನಲ್ಲಿ ಮುರಿದುಕೊಂಡ ಜಾಲಿಮುಳ್ಳಿನಂತೆ ಅದು ಇದ್ದೇ ಇತ್ತು.

ಈ ಮನುಷ್ಯರು ಮೊದಲಿನಿಂದ ಹೀಗಿದ್ದವರಲ್ಲ. 1979ರಲ್ಲಿ ಮದುವೆಯಾದ ಹೊಸದರಲ್ಲಿ ನನ್ನನ್ನು ಮೊಟ್ಟಮೊದಲು ಕರೆದೊಯ್ದದ್ದು ಊಟಿಗಲ್ಲ, ಕೊಡೈಕೆನಾಲಿಗಲ್ಲ. ಮೊಳಕಾಲ್ಮುರು ತಾಲೂಕಿನ ಜಟಿಂಗ ರಾಮೇಶ್ವರದ ಬೆಟ್ಟಕ್ಕೆ. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ತಡೆದ ಜಟಾಯು ಬಿದ್ದದ್ದು ಅಲ್ಲಿಯೇ ಎಂದೂ, ಶ್ರೀರಾಮನು ಅಲ್ಲಿ ಲಿಂಗವನ್ನು ಪ್ರತಿಷ್ಠಿಸಿದನೆಂದೂ ನಮ್ಮ ಸೀಮೆಯವರ ನಂಬಿಕೆ. ವೈಶಾಖದ ಬಿಸಿಲು, ಬಂಡೆಯೆಲ್ಲ ಕಾದ ಕಾವಲಿ. ಹೊಸ ಪಟ್ಟೆಸೀರೆಯ ನೆರಿಗೆಯನ್ನೆತ್ತಿ ಹಿಡಿದು ಮೆಟ್ಟಿಲೇರುವಷ್ಟರಲ್ಲಿ ನನಗೆ ಮದುವೆಯೇ ಬೇಡವಾಗಿತ್ತು. ದೇವರ ದರ್ಶನವಾದ ಮೇಲೆ ಇವರು ಒರಟಾದೊಂದು ಬಂಡೆಯ ಬಳಿ ನಿಲ್ಲಿಸಿ, “ಇದನ್ನು ಬಳೆಗಾರ ಗುಂಡು ಎನ್ನುತ್ತಾರೆ” ಎಂದರು. ನಾನು ಆಸೆಯಿಂದ ಸುತ್ತಲೂ ನೋಡಿದೆ. ಬಳೆಗಾರನ ಸುಳಿವೇ ಇರಲಿಲ್ಲ. ಜಾತ್ರೆಯ ಕಾಲದಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ ಬಂದ ಹೆಸರು ಅದು.

ಆ ಗುಂಡಿನ ಮೇಲಿರುವುದು ಅಶೋಕ ಚಕ್ರವರ್ತಿಯ ಶಾಸನ. ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಅದನ್ನೂ, ಹತ್ತಿರದ ಬ್ರಹ್ಮಗಿರಿ ಮತ್ತು ಸಿದ್ದಾಪುರಗಳಲ್ಲಿರುವ ಅದರ ಬೇರೆರಡು ಪ್ರತಿಗಳನ್ನೂ 1892ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್. ಮೂರರಲ್ಲಿ ಬಹಳ ಸವೆದುಹೋಗಿರುವುದು ಜಟಿಂಗ ರಾಮೇಶ್ವರದ್ದೇ. “ಅಕ್ಷರವೇ ಅಳಿದಮೇಲೆ ಓದುವುದು ಹೇಗೆ?” ಎಂದು ಕೇಳಿದೆ. “ಬ್ರಹ್ಮಗಿರಿಯಲ್ಲಿ ಇದೇ ಮಾತು ಚೆನ್ನಾಗಿ ಉಳಿದಿದೆ. ಅದನ್ನು ತಿಳಿದುಕೊಂಡು ಬಂದರೆ, ಇಲ್ಲಿ ನಾಲ್ಕು ಅಕ್ಷರ ಸಿಕ್ಕರೂ ಮಿಕ್ಕದ್ದನ್ನು ತುಂಬಿಕೊಳ್ಳಬಹುದು” ಎಂದರು. ಹಾಗೆಂದು, ತಂದೆತಾಯಿಗಳ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ಆಡಬೇಕು ಎಂಬ ಚಕ್ರವರ್ತಿಯ ಆಜ್ಞೆಯನ್ನು ಬೆರಳು ತೋರಿಸಿ ಹೇಳುತ್ತ ಹೋದರು. ಹೆಂಡತಿಯ ಮಾತಿಗೆ ಉತ್ತರ ಕೊಡಬೇಕೆಂಬುದು ಅದರಲ್ಲಿ ಇದ್ದಂತೆ ಕಾಣೆ. ಅಂತೂ ಗುಂಡಿನಲ್ಲಿ ಸಿಗದ ಬಳೆಯನ್ನು ಮೊಳಕಾಲ್ಮುರಿನ ಪೇಟೆಯಲ್ಲಿ ಕೊಡಿಸಿದರು. ಒಂದು ಡಜನ್ನು, ಹಸಿರು.

ಹಡಗಿನ ಮಾತಿಗೆ ಬರುತ್ತೇನೆ. ಹಡಗೆಂದರೆ ಸಮುದ್ರದಲ್ಲಿ ತೇಲುವ ಹತ್ತು ಹನ್ನೆರಡು ಅಂತಸ್ತಿನ ಮದುವೆಯ ಛತ್ರವೆನ್ನಬೇಕು. ಎರಡು ಸಾವಿರ ಜನ. ಯಾವ ಹೊತ್ತಿನಲ್ಲಿ ನೋಡಿದರೂ ಊಟ. ಮಗಳು ಕಟ್ಟಿಕೊಟ್ಟಿದ್ದ ಚಟ್ನಿಪುಡಿಯ ಡಬ್ಬಿ ಕೊನೆಯತನಕ ನಮ್ಮ ಮಾನ ಕಾಪಾಡಿತು. ಚಳಿಗೆಂದು ಅವಳು ಕೊಡಿಸಿದ ದಪ್ಪ ಅಂಗಿಯನ್ನು ಇವರು ಮುಟ್ಟಲಿಲ್ಲ. ಊರಿನಿಂದ ತಂದಿದ್ದ ಚಳ್ಳಕೆರೆಯ ಕಂಬಳಿಯನ್ನೇ ಹೊದ್ದು ಡೆಕ್ಕಿನ ಮೇಲೆ ಓಡಾಡಿದರು. ಊರ ಮನೆಯ ಬೀಗದ ಕೈಯನ್ನು ಒಳಜೇಬಿನಲ್ಲಿಟ್ಟು ಪಿನ್ನು ಚುಚ್ಚಿ, ಗಂಟೆಗೊಮ್ಮೆ ತಡವಿ ನೋಡಿಕೊಳ್ಳುತ್ತಿದ್ದರು. ಎರಡನೆಯ ದಿನ, ಊಟದ ಮೇಜಿನ ಬಳಿ ಬಡಿಸುವ ಹುಡುಗ ಏನೋ ಕೇಳಿದ. ಮಾತಿನ ಕೊನೆಯಲ್ಲಿ ‘ರೈಸ್’ ಎಂದ. ಇವರ ಮುಖವರಳಿತು. “ಹೌದು, 1892!” ಎಂದರು. ಹುಡುಗ ಕಕ್ಕಾಬಿಕ್ಕಿಯಾದ. ನಾನು ಅದನ್ನು ಹಾಸ್ಯವೆಂದೇ ತಿಳಿದು ನಕ್ಕೆ.

ಮೂರನೆಯ ದಿನ ಜೂನೊ ಸೇರಿದೆವು. ಅಲಾಸ್ಕದ ರಾಜಧಾನಿಯಾದರೂ ಹೊರಗಿನಿಂದ ಅಲ್ಲಿಗೊಂದು ರಸ್ತೆಯಿಲ್ಲ. ಹಡಗಿನಲ್ಲಿ ಹೋಗಬೇಕು, ಇಲ್ಲವೇ ವಿಮಾನದಲ್ಲಿ. ಆ ನಾಡನ್ನೆಲ್ಲ 1867ರಲ್ಲಿ ರಷ್ಯದವರು ಅಮೆರಿಕಕ್ಕೆ ಮಾರಿದ್ದು 72 ಲಕ್ಷ ಡಾಲರಿಗೆ ಎಂದು ಇವರು ಬಸ್ಸಿನಲ್ಲಿದ್ದವರಿಗೆಲ್ಲ ಕೇಳಿಸುವಂತೆ ಪಾಠ ಮಾಡಿದರು. ನಾನು ನಾಚಿ ಕಿಟಕಿಯ ಹೊರಗೆ ನೋಡಿದೆ.

ನಾಲ್ಕನೆಯ ದಿನ ನಸುಕಿನಲ್ಲಿಯೇ ಹಡಗು ಗ್ಲೇಸಿಯರ್ ಬೇ ಎಂಬ ಕೊಲ್ಲಿಯನ್ನು ಹೊಕ್ಕಿತು. ಅದು ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಅಪ್ಪಣೆ. ಚಿಕ್ಕ ದೋಣಿಯಲ್ಲಿ ಬಂದ ಉದ್ಯಾನದ ಅಧಿಕಾರಿಗಳು ನಡುನೀರಿನಲ್ಲಿಯೇ ನಮ್ಮ ಹಡಗನ್ನೇರಿ, ಧ್ವನಿವರ್ಧಕದಲ್ಲಿ ವಿವರಣೆ ಕೊಡಲಾರಂಭಿಸಿದರು. ಇವರು ಕಂಬಳಿ ಹೊದ್ದು ಕಟಾಂಜನಕ್ಕೆ ಒರಗಿ ನಿಂತರು. ಮೊದಲೇ ಪುಸ್ತಕ ಓದಿಕೊಂಡಿದ್ದರು. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರನ ಜನ ಬಂದು ನೋಡಿದಾಗ ಅಲ್ಲಿ ಕೊಲ್ಲಿಯೇ ಇರಲಿಲ್ಲವಂತೆ. ಅದರ ಬಾಯಲ್ಲಿ ಹಿಮದ ಗೋಡೆ ನಿಂತಿತ್ತು. 1879ರಲ್ಲಿ ಜಾನ್ ಮ್ಯೂರ್ ಬರುವ ಹೊತ್ತಿಗೆ ಆ ಗೋಡೆ 40 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಹಿಮವನ್ನು ಕಾಣಬೇಕಾದರೆ ಸುಮಾರು 65 ಮೈಲಿ ಒಳಕ್ಕೆ ಹೋಗಬೇಕು. ಅದಕ್ಕೂ ಹಿಂದೆ, ಹಿಮ ಮುನ್ನುಗ್ಗಿ ಬಂದ ಕಾಲದಲ್ಲಿ, ಅಲ್ಲಿ ಮನೆಮಾಡಿಕೊಂಡಿದ್ದ ಹೂನಾ ಟ್ಲಿಂಗಿಟ್ ಎಂಬ ಮೂಲನಿವಾಸಿಗಳು ಊರು ಬಿಟ್ಟು ಓಡಬೇಕಾಯಿತು. ಮಳೆಯಿಲ್ಲದೆ ಊರು ಬಿಟ್ಟವರನ್ನು ನಮ್ಮ ಸೀಮೆಯಲ್ಲಿ ಕಂಡಿದ್ದೇನೆ. ಮಂಜುಗಡ್ಡೆ ಬಂದು ಬಾಗಿಲು ತಟ್ಟಿ ಓಡಿಸಿದ್ದನ್ನು ಕೇಳಿದ್ದು ಅಂದೇ. ಹಿಮ ಸರಿದಮೇಲೂ ಅವರ ನೆಲ ಅವರಿಗೆ ಸುಲಭವಾಗಿ ದಕ್ಕಲಿಲ್ಲ. ಕೊಲ್ಲಿಯ ದಡದಲ್ಲಿ ಅವರ ಕುಲದ ಮನೆಯೊಂದು ಮತ್ತೆ ಎದ್ದು ನಿಂತದ್ದು 2016ರಲ್ಲಿ.

ಹತ್ತು ಗಂಟೆಯ ಸುಮಾರಿಗೆ ಹಡಗು ಮಾರ್ಜರಿ ಹಿಮನದಿಯ ಎದುರಿಗೆ ಬಂದು ನಿಂತಿತು. 21 ಮೈಲಿ ದೂರದಿಂದ ಬೆಟ್ಟಗಳ ಸಂದಿಯಲ್ಲಿ ಇಳಿದು ಬಂದ ಹಿಮ, ಒಂದು ಮೈಲಿ ಅಗಲದ ಕೋಟೆಯಾಗಿ, ನೀರಿನ ಮೇಲೆ 250 ಅಡಿ ಎತ್ತರಕ್ಕೆ ನಿಂತಿದೆ. ಬಿಳುಪೆಂದುಕೊಂಡಿದ್ದೆ, ಬಿರುಕುಗಳ ಒಳಗೆಲ್ಲ ನೀಲಿ. ಮಡಿಬಟ್ಟೆಗೆ ನೀಲಿ ಹೆಚ್ಚಾದಾಗ ಬರುವ ಬಣ್ಣ. ಬೆಳಕಿನ ಕೆಂಪನ್ನು ಗಟ್ಟಿಹಿಮ ನುಂಗಿ ನೀಲಿಯನ್ನು ಮಾತ್ರ ಹೊರಗೆ ಬಿಡುತ್ತದೆಂದು ಅಧಿಕಾರಿ ಹೇಳಿದರು. ಹಿಮ ಒಡೆದು ಬೀಳುವ ಸದ್ದಿಗೆ ಟ್ಲಿಂಗಿಟ್ ಜನ ‘ಬಿಳಿ ಗುಡುಗು’ ಎನ್ನುತ್ತಾರೆಂದೂ, ಎಲ್ಲರೂ ಮಾತು ನಿಲ್ಲಿಸಿ ಕಿವಿಗೊಟ್ಟಿರಬೇಕೆಂದೂ, ಬೀಳುವುದಕ್ಕೆ ಮುಂಚೆ ಚಟ್ಟೆಂದು ಬಿರಿಯುವ ಸದ್ದು ಬರುತ್ತದೆ, ಆಗ ತಿರುಗಿ ನೋಡಿದರೆ ಕಾಣಸಿಗುತ್ತದೆಂದೂ ಹೇಳಿದರು.

ಎರಡು ಸಾವಿರ ಜನ ಉಸಿರು ಬಿಗಿಹಿಡಿದು ನಿಂತರು. ಅಂಥ ಮೌನವನ್ನು ನಾನು ದೇವಸ್ಥಾನದಲ್ಲಿಯೂ ಕಂಡಿರಲಿಲ್ಲ. ಇವರು ಎಡಗಡೆ ತೇಲುತ್ತಿದ್ದ ಮಂಜಿನ ತುಂಡಿನ ಮೇಲೆ ಕುಳಿತ ಹಕ್ಕಿಯೊಂದನ್ನು ನೋಡುತ್ತಿದ್ದರು.

ಚಟ್ಟೆಂದಿತು. ಒಣಗಿದ ಬಿದಿರನ್ನು ಮೊಣಕಾಲಿಗೆ ಕೊಟ್ಟು ಮುರಿದಂತೆ. ಎರಡು ಸಾವಿರ ತಲೆಗಳು ಒಮ್ಮೆಲೇ ಬಲಕ್ಕೆ ತಿರುಗಿದುವು. ಒಂದು ತಲೆ ತಿರುಗಲಿಲ್ಲ. ಹಿಮದ ಗೋಪುರವೊಂದು ನಿಂತ ನಿಲುವಿನಲ್ಲಿಯೇ ಜಾರಿ, ನೀರನ್ನು ಸೀಳಿಕೊಂಡು ಮುಳುಗಿತು. ಗುಡುಗು ಬಂದು ಎದೆಗೆ ಬಡಿಯಿತು. ಆಗ ಇವರು ತಿರುಗಿದರು. ಅಷ್ಟರಲ್ಲಿ ಅಲ್ಲಿ ಅಲೆಗಳ ಹೊರತು ಬೇರೇನೂ ಇರಲಿಲ್ಲ. “ಆಹಾ!” ಎಂದರು, ಎಲ್ಲರಂತೆ.

ಸತ್ಯ ಹೇಳುತ್ತೇನೆ, ಆಮೇಲೆ ನಾನು ಹಿಮನದಿಯನ್ನು ನೋಡಲಿಲ್ಲ. ಇವರನ್ನೇ ನೋಡಿದೆ. ಇನ್ನೊಂದು ಸಲ ಚಟ್ಟೆಂದಿತು, ಮತ್ತೆ ಹಾಗೆಯೇ. ಮೆಲ್ಲನೆ ಅವರ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ ನಿಂತು, “ಏನೂಂದ್ರೆ” ಎಂದೆ. ಇಲ್ಲ. ಸ್ವಲ್ಪ ಗಟ್ಟಿಯಾಗಿ ಅಂದೆ. ಇಲ್ಲ. ಕೊನೆಗೆ, “ರೀ, ಮನೆಯ ಬೀಗದ ಕೈ ಸಮುದ್ರಕ್ಕೆ ಬಿತ್ತು” ಎಂದೆ. ಗಂಟೆಗೊಮ್ಮೆ ಜೇಬು ತಡವುವ ಮನುಷ್ಯರು ಕದಲಲಿಲ್ಲ, ಹಕ್ಕಿಯನ್ನೇ ನೋಡುತ್ತಿದ್ದರು. ನನ್ನ ಕಾಲು ನಡುಗಿತು. ಅಲ್ಲಿದ್ದ ಒರಗು ಕುರ್ಚಿಯ ಮೇಲೆ ಕುಳಿತುಬಿಟ್ಟೆ.

ಜನ ಚದುರಿ ತಿಂಡಿಗೆ ಹೋದಮೇಲೆ ಅವರ ಎದುರಿಗೆ ನಿಂತು, ಮುಖಕ್ಕೆ ಮುಖ ಕೊಟ್ಟು ಕೇಳಿದೆ: “ಎಷ್ಟು ದಿನದಿಂದ?”

“ಏನು ಎಷ್ಟು ದಿನದಿಂದ?” ಎಂದು ನಕ್ಕರು. ನಾನು ನಗಲಿಲ್ಲ. ಅವರ ನಗೆಯೂ ಆರಿತು.

“ಗುಡುಗು ನನಗೂ ಕೇಳಿಸಿತು” ಎಂದರು, ತಪ್ಪು ಸಿಕ್ಕಿಬಿದ್ದ ಹುಡುಗನಂತೆ. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಕೆಲಸದಲ್ಲಿದ್ದಾಗಲೇ ಆರಂಭವಾಗಿತ್ತಂತೆ. ಕೊನೆಯ ಎರಡು ವರ್ಷ ಹಿಂದಿನ ಬೆಂಚಿನವರ ಮಾತು ಹತ್ತುತ್ತಿರಲಿಲ್ಲ. ಹುಡುಗರೇ ಗೊಣಗುತ್ತಾರೆಂದುಕೊಂಡು ಬೆಂಚುಗಳ ನಡುವೆ ಓಡಾಡಿ ಪಾಠ ಹೇಳಿದರಂತೆ. ಗಂಡಸರ ಮಾತು ಒಂದಿಷ್ಟು ದಕ್ಕುತ್ತದೆ. ಹೆಂಗಸರ, ಮಕ್ಕಳ ಸಣ್ಣ ದನಿ ಉದುರಿಹೋಗುತ್ತದೆ.

“ನನಗೊಬ್ಬಳಿಗಾದರೂ ಹೇಳಬಾರದಿತ್ತೇ?”

“ಕಿವುಡು ಮೇಷ್ಟ್ರು ಎನ್ನಿಸಿಕೊಳ್ಳುವುದೇ? ನಡೆದಷ್ಟು ದಿನ ನಡೆಯಲಿ ಎಂದುಕೊಂಡೆ. ತುಟಿ ನೋಡುತ್ತೇನೆ. ಎರಡಕ್ಷರ ಸಿಕ್ಕರೆ ಮಿಕ್ಕದ್ದನ್ನು ತುಂಬಿಕೊಳ್ಳುತ್ತೇನೆ. ಬಳೆಗಾರ ಗುಂಡಿನ ಶಾಸನದಂತೆಯೇ.”

“ಅದಕ್ಕೆ ಬ್ರಹ್ಮಗಿರಿಯದು ಇತ್ತು. ನನ್ನ ಮಾತಿಗೆ ಯಾವ ಬ್ರಹ್ಮಗಿರಿ?”

“ನಲವತ್ತನಾಲ್ಕು ವರ್ಷ ನೀನು ಆಡಿದ್ದೆಲ್ಲ ಇದೆಯಲ್ಲ. ಯಾವ ಹೊತ್ತಿಗೆ ಏನನ್ನುತ್ತೀಯೆಂಬುದು ನನಗೆ ಗೊತ್ತು. ಹೆಚ್ಚುಪಾಲು ಸರಿಹೋಗುತ್ತದೆ.”

“ಸರಿಹೋಗದಿದ್ದರೆ?”

“ಹೂಂ ಎನ್ನುತ್ತೇನೆ.”

ನನಗೆ ನಗು ಬಂತೋ ಅಳು ಬಂತೋ ತಿಳಿಯದು. ಅಣ್ಣನ ಕರ್ಮಾಂತರದ ರಾತ್ರಿಯ ಮಾತನ್ನು ಆಗ ಎತ್ತಿದೆ. ಅವರು ಹುಬ್ಬುಗಂಟಿಕ್ಕಿ ನನ್ನ ತುಟಿಯನ್ನೇ ನೋಡಿದರು. “ಆ ರಾತ್ರಿ ನೀನು ಮಾತನಾಡಿದೆಯಾ? ಮಲಗಿದವಳು ಅತ್ತು ಅತ್ತು ನಿದ್ದೆ ಹೋದಳೆಂದುಕೊಂಡೆ. ಕತ್ತಲಲ್ಲಿ ನಿನ್ನ ಮುಖ ಕಾಣುವುದಿಲ್ಲವಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಈಗ ಹೇಳು” ಎಂದರು.

ಹೇಳಿದೆ. ಮೊದಲ ಸಲ ಹತ್ತಲಿಲ್ಲ. ಗಟ್ಟಿಯಾಗಿ ಹೇಳಬೇಕಾಯಿತು. ಅದು ಗಟ್ಟಿಯಾಗಿ ಆಡುವ ಮಾತೇ? ದೂರದಲ್ಲಿದ್ದ ಯಾರೋ ಮುದುಕ ದಂಪತಿಗಳು ನಾವು ಜಗಳವಾಡುತ್ತಿದ್ದೇವೆಂದುಕೊಂಡು ಎದ್ದು ಹೋದರು. ಇವರು ಏನೂ ಹೇಳಲಿಲ್ಲ. ಕಂಬಳಿಯ ಸೆರಗನ್ನು ನನ್ನ ಹೆಗಲ ಮೇಲೆ ಹಾಕಿದರು. ಒಳಜೇಬಿನ ಪಿನ್ನು ಬಿಚ್ಚಿ, ಬೀಗದ ಕೈಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು ಮುಚ್ಚಿದರು.

“ಇನ್ನು ಇದು ನಿನ್ನ ಹತ್ತಿರವೇ ಇರಲಿ” ಎಂದರು. “ಸಮುದ್ರಕ್ಕೆ ಬೀಳಿಸಬೇಡ.”

ಉಳಿದ ದಿನಗಳ ಕಥೆ ಹೆಚ್ಚಿಲ್ಲ. ಕೆಚಿಕಾನ್ ಎಂಬ ಊರಿನಲ್ಲಿ ಇಳಿದಾಗ ಮಳೆ. ಅಲ್ಲಿ ವರ್ಷಕ್ಕೆ ಬೀಳುವುದು 140 ಅಂಗುಲಕ್ಕೂ ಮಿಕ್ಕಿ. ನಮ್ಮಲ್ಲಿ 20 ಬಿದ್ದರೆ ಸುಭಿಕ್ಷ. ನನ್ನ ಓರಗಿತ್ತಿಯನ್ನು ನೆನೆದೆ. ಮರದ ಕಂಬಗಳ ಮೇಲೆ ಹಕ್ಕಿಗಳನ್ನೂ ಮೃಗಗಳನ್ನೂ ಕೆತ್ತಿ ನಿಲ್ಲಿಸಿದ್ದಾರೆ. ಟ್ಲಿಂಗಿಟ್ ಜನರಲ್ಲಿ ಎರಡು ಪಂಗಡ: ಕಾಗೆಯ ಜಾತಿಯ ‘ರೇವನ್’ ಎಂಬ ಹಕ್ಕಿಯದೊಂದು, ಹದ್ದಿನದೊಂದು, ಒಂದರವರು ಇನ್ನೊಂದರಲ್ಲಿ ಮದುವೆಯಾಗುವುದು ಹಳೆಯ ಪದ್ಧತಿ. ಕಂಬದ ಮೇಲೆ ರೆಕ್ಕೆಯಗಲಿಸಿದ ಹದ್ದನ್ನು ಕಂಡು ಇವರು, “ನಮ್ಮ ಜಟಾಯುವಿನ ನೆಂಟ” ಎಂದು ಕೈಮುಗಿದರು. ಹಿಂದಿರುಗುವಾಗ ಹಡಗು ಕೆನಡದ ವಿಕ್ಟೋರಿಯದಲ್ಲಿ ಸಂಜೆ ನಿಂತಿತು. ಪರದೇಶದ ಹಡಗು ಅಮೆರಿಕದ ಬಂದರಿನಿಂದ ಹೊರಟು, ನಡುವೆ ಬೇರೊಂದು ದೇಶವನ್ನು ಮುಟ್ಟದೆ ಅಮೆರಿಕದ ಬಂದರುಗಳನ್ನೇ ಸುತ್ತಿ ಬರಕೂಡದೆಂದು 1886ರ ಕಾನೂನೊಂದಿದೆಯಂತೆ. ನಾನು ಅವರ ಎಡಗಡೆಯಿಂದ ಎದ್ದು ಬಲಗಡೆಗೆ ಬಂದು ಕುಳಿತೆ. ಬಲಗಿವಿ ಒಂದಿಷ್ಟು ವಾಸಿ ಎಂದಿದ್ದರು.

ಊರಿಗೆ ಬಂದಮೇಲೆ ದಾವಣಗೆರೆಯಲ್ಲಿ ವೈದ್ಯರಿಗೆ ತೋರಿಸಿದೆವು. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ರೋಮಗಳು ವಯಸ್ಸಿನೊಂದಿಗೆ ಅಳಿಯುತ್ತವೆ. ಸಣ್ಣ ದನಿಯನ್ನು ಹಿಡಿಯುವವು ಮೊದಲು ಅಳಿಯುತ್ತವೆ. ಅಳಿದವು ಮತ್ತೆ ಹುಟ್ಟುವುದಿಲ್ಲ. ಯಂತ್ರವಿಟ್ಟುಕೊಂಡರೆ ಉಳಿದದ್ದಕ್ಕೆ ಬಲ ಬರುತ್ತದೆ ಎಂದರು ಆ ಪುಣ್ಯಾತ್ಮರು. ಹತ್ತು ವರ್ಷ ಮೊದಲೇ ಬರಬಾರದಿತ್ತೇ ಎಂದೂ ಕೇಳಿದರು. ಇವರು ‘ಹೂಂ’ ಎಂದರು. ಯಂತ್ರವಿಟ್ಟುಕೊಂಡ ಮೊದಲ ವಾರ ಮನೆಯಲ್ಲಿ ರಣರಂಗ. ಕುಕ್ಕರಿನ ಸೀಟಿಗೆ ಬೆಚ್ಚುವರು, ಪ್ಲಾಸ್ಟಿಕ್ ಚೀಲ ಮಡಿಸಿದರೆ, “ಯಾಕಿಷ್ಟು ಗಲಾಟೆ?” ಎನ್ನುವರು. ನಾನು ಗಟ್ಟಿಯಾಗಿ ಮಾತನಾಡುವುದನ್ನು ಆಗತಾನೇ ಅಭ್ಯಾಸ ಮಾಡಿಕೊಂಡಿದ್ದೆ, ಅದನ್ನು ಬಿಡಬೇಕಾಯಿತು.

2024ರ ಜನವರಿಯಲ್ಲಿ ಒಂದು ದಿನ ಜಟಿಂಗ ರಾಮೇಶ್ವರಕ್ಕೆ ಹೋಗಿ ಬರೋಣವೆಂದು ಅವರೇ ಎಂದರು. ಮೆಟ್ಟಿಲುಗಳೇನೂ ಕಡಿಮೆಯಾಗಿರಲಿಲ್ಲ, ನನ್ನ ಮಂಡಿಗೆ ಮಾತ್ರ ವಯಸ್ಸಾಗಿತ್ತು. ಕುಳಿತು, ಎದ್ದು, ಗೋಡೆ ಹಿಡಿದು ಅಂತೂ ಹತ್ತಿದೆವು. ಗುಡಿಯಲ್ಲಿ ನಾನು ಗಂಟೆ ಬಾರಿಸಿದ್ದಕ್ಕೆ ಎರಡು ಕಿವಿಯನ್ನೂ ಮುಚ್ಚಿಕೊಂಡು, “ಮೆಲ್ಲಗೆ ಬಾರಿಸಬಾರದೇನೇ?” ಎಂದು ರೇಗಿದರು. ಹೊರಗೆ ಬಂದು ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆ. ಚಪಾತಿಯ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಬಿಚ್ಚಲು ಹೆಣಗುತ್ತಿದ್ದೆ. ಇವರು ನನ್ನ ಕೈಯನ್ನೇ ನೋಡುತ್ತಿದ್ದರು.

“ಇವು ಯಾವಾಗ ತೊಟ್ಟದ್ದು?” ಎಂದರು.

“ಯಾವುವು?”

“ಬಳೆಗಳು. ಸದ್ದು ಮಾಡುತ್ತಿವೆಯಲ್ಲ.”

“ಗಾಜಿನ ಬಳೆಯಲ್ಲವೇ, ಯಾವಾಗಲೂ ಮಾಡುತ್ತವೆ” ಎಂದೆ. ಅವರು ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. “ಇನ್ನೊಂದು ಸಲ ತಿರುವು” ಎಂದರು.